ಚಾಟಿ ಬೀಸಿ ಮೀನು ಹಿಡಿಯುವುದು: ಮಂಡ್ಯದ ಕೆರೆಯಿಂದ ಹಿಮಾಲಯದ ಹೊಳೆಯವರೆಗೆ ಫ್ಲೈ ರಾಡ್ ಜೊತೆ ತಿರುಗಾಟ

"ಸಾ, ಮೀನಿಗೆ ಚಾಟೀಲಿ ಹೊಡೀತಿದ್ದೀರಾ?"

ಪಾಂಡವಪುರದ ಕಡೆ ಒಂದು ಕೆರೆ ಏರಿಯ ಮೇಲೆ ನಾನು ಮೊದಲ ಸಲ ಫ್ಲೈ ರಾಡ್ ಬೀಸಿದಾಗ, ಕುರಿ ಮೇಯಿಸುತ್ತಿದ್ದ ಹುಡುಗನೊಬ್ಬ ಕೇಳಿದ ಪ್ರಶ್ನೆ ಇದು. ಅವನ ತಪ್ಪೇನೂ ಇಲ್ಲ. ಒಂಬತ್ತು ಅಡಿ ಕಡ್ಡಿ, ಅದರ ತುದಿಯಿಂದ ಹಳದಿ ಬಣ್ಣದ ದಪ್ಪ ದಾರ, ಅದು ತಲೆ ಮೇಲೆ ಹಿಂದಕ್ಕೂ ಮುಂದಕ್ಕೂ ಹಾರಾಡುತ್ತಿದ್ದರೆ ಯಾರಿಗಾದರೂ ಎತ್ತಿಗೆ ಬೀಸುವ ಚಾಟಿ ಅಂತಲೇ ಅನ್ನಿಸುತ್ತದೆ. ಅವತ್ತು ಒಂದು ಮೀನೂ ಬೀಳಲಿಲ್ಲ. ನನ್ನ ಟೋಪಿ ಮಾತ್ರ ಎರಡು ಸಲ ಕೊಕ್ಕೆಗೆ ಸಿಕ್ಕಿತು.

ಅದಾಗಿ ಆರೇಳು ವರ್ಷ ಕಳೆದಿದೆ. ಈಗ ಮನೆಯವರ ಜೊತೆ ದೇವಸ್ಥಾನಕ್ಕೆ ಹೊರಟರೂ ಸರಿ, ಆಫೀಸ್ ಕೆಲಸಕ್ಕೆ ಹೊರಟರೂ ಸರಿ, ಡಿಕ್ಕಿಯಲ್ಲಿ ಒಂದು ಕೊಳವೆ ಇದ್ದೇ ಇರುತ್ತದೆ. ಗೆಳೆಯರು ಎಲ್ಲಿಂದ ಶುರು ಮಾಡುವುದು, ಯಾವ ರಾಡ್ ತೆಗೆದುಕೊಳ್ಳುವುದು, ಎಲ್ಲಿಗೆ ಹೋಗುವುದು ಅಂತ ಕೇಳುತ್ತಲೇ ಇರುತ್ತಾರೆ. ನಾನು ಹೇಳುವುದು ಒಂದೇ. ಮೀನಿನ ಬಗ್ಗೆ ಆಮೇಲೆ ಓದಿ, ಮೊದಲು ನೀರು ಯಾರದ್ದು ಅಂತ ಕೇಳಿಕೊಳ್ಳಿ. ಟ್ರಿಪ್ ಕೆಡುವುದು ಮೀನು ಸಿಗದೆ ಅಲ್ಲ, ಕೇಳದೆ ಇಳಿದದ್ದಕ್ಕೆ.

ಮಾಮೂಲಿ ಗಾಳಕ್ಕೂ ಇದಕ್ಕೂ ಏನು ವ್ಯತ್ಯಾಸ

ನಾವೆಲ್ಲ ಚಿಕ್ಕಂದಿನಲ್ಲಿ ನಾಲೆ ಬದಿಯಲ್ಲಿ ಕೂತು ಹಾಕಿದ ಗಾಳ ನೆನಪಿದೆ ಅಲ್ವಾ? ಬಿದಿರು ಕಡ್ಡಿ, ನೈಲಾನ್ ದಾರ, ಬೆಂಡು, ಸ್ವಲ್ಪ ಸೀಸ, ಎರೆಹುಳು. ಅಲ್ಲಿ ತುದಿಯಲ್ಲಿರುವ ಭಾರ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಫಿಶಿಂಗಿನಲ್ಲಿ ಇದು ತಿರುವುಮುರುವು. ತುದಿಯಲ್ಲಿ ಇರುವುದು ಕೋಳಿ ಪುಕ್ಕ, ದಾರ, ಚೂರು ತುಪ್ಪಳ ಸುತ್ತಿ ಹುಳದ ಹಾಗೆ ಮಾಡಿದ ಸಣ್ಣ ಕೊಕ್ಕೆ, ಇದೇ ಫ್ಲೈ, ಅಂದರೆ ನೊಣ. ಅದಕ್ಕೆ ತೂಕವೇ ಇಲ್ಲ, ಎಸೆದರೆ ಕಾಲ ಬಳಿಯೇ ಬೀಳುತ್ತದೆ. ಹಾಗಾಗಿ ದಾರಕ್ಕೇ ತೂಕ ಕೊಟ್ಟಿದ್ದಾರೆ. 5ನೇ ನಂಬರಿನ ಲೈನ್ ಅಂದರೆ ಅದರ ಮುಂದಿನ 30 ಅಡಿ ಸುಮಾರು 9 ಗ್ರಾಂ ತೂಗುತ್ತದೆ. 8ನೇ ನಂಬರಿನದು 13 ಗ್ರಾಂ ದಾಟುತ್ತದೆ. ಬೀಸುವಾಗ ಆ ದಾರದ ತೂಕ ರಾಡನ್ನು ಬಗ್ಗಿಸುತ್ತದೆ, ಬಗ್ಗಿದ ರಾಡ್ ದಾರವನ್ನು ಮುಂದಕ್ಕೆ ಚಿಮ್ಮಿಸುತ್ತದೆ, ನೊಣ ಸುಮ್ನೆ ಹಿಂದೆ ಹಿಂದೆ ಬರುತ್ತದೆ. ಇದಿಷ್ಟು ಅರ್ಥವಾದರೆ ಅರ್ಧ ಕಲಿತ ಹಾಗೆ. ಮಿಕ್ಕಿದ್ದು ಕೈಗೆ ಬರಬೇಕಾದದ್ದು.

ಪ್ಲಾಸ್ಟಿಕ್ ಲೇಪದ ಲೈನ್ ಬರುವ ಮುಂಚೆ ಈ ದಾರವನ್ನು ರೇಷ್ಮೆಯಲ್ಲೇ ಹೆಣೆಯುತ್ತಿದ್ದರಂತೆ. ರೇಷ್ಮೆ ಬೆಳೆಯುವ ನಮ್ಮ ಕಡೆಯವರಿಗೆ ಇದು ಕೇಳುವುದಕ್ಕೆ ಚೆನ್ನಾಗಿರುತ್ತದೆ ಅಂತ ಹೇಳಿದೆ ಅಷ್ಟೇ.

ಸಾಮಾನು: ಕಡಿಮೆ ತೆಗೆದುಕೊಳ್ಳಿ

ಒಂಬತ್ತು ಅಡಿಯ, 5 ಅಥವಾ 6ನೇ ನಂಬರಿನ, ನಾಲ್ಕು ತುಂಡಾಗಿ ಬಿಚ್ಚಿಕೊಳ್ಳುವ ರಾಡ್ ಸಾಕು. ನಾಲ್ಕು ತುಂಡು ಅನ್ನುವುದು ಮುಖ್ಯ. ಆಗ ಒಂದೊಂದು ತುಂಡೂ ಎರಡೂಕಾಲು ಅಡಿ ಬರುತ್ತದೆ. ಬಸ್ಸಿನ ಮೇಲಿನ ಅಟ್ಟದಲ್ಲಿ, ರೈಲಿನ ಸೀಟಿನ ಕೆಳಗೆ, ಎಲ್ಲಿ ಬೇಕಾದರೂ ತೂರಿಸಬಹುದು. ಎರಡು ತುಂಡಿನದು ಅಗ್ಗಕ್ಕೆ ಸಿಕ್ಕಿತು ಅಂತ ತೆಗೆದುಕೊಂಡ ನನ್ನ ಭಾವ ಅದನ್ನು ಮನೆ ಬಿಟ್ಟು ಆಚೆ ತೆಗೆದಿದ್ದೇ ಇಲ್ಲ.

ರೀಲ್ ದುಬಾರಿ ಬೇಡ. ಕೆರೆಯ ಮೀನಿಗೆ ರೀಲ್ ದಾರ ಸುತ್ತಿಡುವ ಡಬ್ಬಿ ಇದ್ದ ಹಾಗೆ, ಅಷ್ಟೇ. ದುಡ್ಡು ಹಾಕುವುದಾದರೆ ಲೈನಿಗೆ ಹಾಕಿ. ನೀರಿನ ಮೇಲೆ ತೇಲುವ ಲೈನ್, ರಾಡಿನ ನಂಬರಿಗೇ ಹೊಂದುವಂಥದ್ದು. ನಾನು ಆನ್‌ಲೈನಿನಲ್ಲಿ ಮೊದಲ ಸೆಟ್ ತರಿಸಿದಾಗ 5ನೇ ನಂಬರಿನ ರಾಡಿಗೆ 8ನೇ ನಂಬರಿನ ಲೈನ್ ಸುತ್ತಿ ಕಳಿಸಿದ್ದರು. ನನಗೆ ಗೊತ್ತೂ ಆಗಲಿಲ್ಲ. ಎರಡು ತಿಂಗಳು ನನ್ನ ಕೈಯೇ ಸರಿ ಇಲ್ಲ ಅಂದುಕೊಂಡಿದ್ದೆ. ಡಬ್ಬಿ ತೆಗೆದ ದಿನವೇ ನಂಬರ್ ನೋಡಿಕೊಳ್ಳಿ.

ಲೈನಿನ ತುದಿಗೆ ಒಂಬತ್ತು ಅಡಿಯಷ್ಟು ಸಣ್ಣಗಾಗುತ್ತಾ ಹೋಗುವ ಲೀಡರ್, ಅದರ ತುದಿಗೆ ಟಿಪೆಟ್ ಅನ್ನುವ ತೆಳು ದಾರ. ಟಿಪೆಟ್ಟಿಗೆ 3 ಎಕ್ಸ್, 4 ಎಕ್ಸ್, 5 ಎಕ್ಸ್ ಅಂತ ಅಳತೆ ಇದೆ. ಇದು ನೂಲಿನ ಕೌಂಟ್ ಇದ್ದ ಹಾಗೆ, ನಂಬರ್ ಜಾಸ್ತಿ ಆದಷ್ಟೂ ದಾರ ತೆಳು. ಕೊಕ್ಕೆಯ ಸೈಜೂ ಹಾಗೇ, 14 ಅಂದರೆ 8ಕ್ಕಿಂತ ಚಿಕ್ಕದು. ಗಂಟುಗಳಲ್ಲಿ ಎರಡೇ ಎರಡು ಕಲಿಯಿರಿ. ಫ್ಲೈ ಕಟ್ಟುವುದಕ್ಕೆ ಕ್ಲಿಂಚ್ ಗಂಟು, ಎರಡು ದಾರ ಸೇರಿಸುವುದಕ್ಕೆ ಸರ್ಜನ್ ಗಂಟು. ಬಿಗಿಯುವ ಮುಂಚೆ ಎಂಜಲು ಹಚ್ಚಿ, ಇಲ್ಲದಿದ್ದರೆ ಉಜ್ಜಿದ ಬಿಸಿಗೆ ದಾರ ಸೊರಗುತ್ತದೆ.

ನೀರಿನ ಹೊಳಪು ತಡೆಯುವ ಪೋಲರೈಸ್ಡ್ ಕನ್ನಡಕ, ಅಂಚಿರುವ ಟೋಪಿ, ಸಣ್ಣ ಇಕ್ಕಳ. ಮುಗಿಯಿತು. ಇಕ್ಕಳದಿಂದ ಪ್ರತಿ ಕೊಕ್ಕೆಯ ಹಿಮ್ಮುಖ ಮುಳ್ಳನ್ನೂ ಅಮುಕಿ ಮಟ್ಟ ಮಾಡಿಬಿಡಿ. ಮೀನಿಗೂ ಒಳ್ಳೆಯದು, ನಿಮ್ಮ ಕಿವಿಗೂ ಒಳ್ಳೆಯದು. ಇನ್ನು ರಾಡಿಗೆ ಬರುವ ಬಟ್ಟೆ ಚೀಲವನ್ನು ನಂಬಬೇಡಿ. ಪೈಪ್ ಅಂಗಡಿಗೆ ಹೋಗಿ ಎರಡೂವರೆ ಅಡಿ ಪಿವಿಸಿ ಪೈಪ್, ಎರಡು ಮುಚ್ಚಳ ತೆಗೆದುಕೊಳ್ಳಿ, ಗಟ್ಟಿ ಕೊಳವೆ ರೆಡಿ. ಮೈಸೂರು ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಕಂಡಕ್ಟರ್ ಇದನ್ನು ನೋಡಿ "ಬೋರ್‌ವೆಲ್ ಕೆಲಸಾನಾ ಸಾರ್" ಅಂತ ಕೇಳಿದ್ದರು. ಹೂಂ ಅಂದೆ. ವಿವರಿಸುವುದಕ್ಕಿಂತ ಅದೇ ಸುಲಭ.

ನೀರಿಗೆ ಹೋಗುವ ಮುಂಚೆ ಹುಲ್ಲಿನ ಮೇಲೆ

ಎರಡು ವಾರ, ದಿನಾ ಇಪ್ಪತ್ತು ನಿಮಿಷ. ಬಡಾವಣೆಯ ಪಾರ್ಕು, ಶಾಲೆಯ ಮೈದಾನ, ಎಲ್ಲಾದರೂ ಹುಲ್ಲು ಇರಬೇಕು. ಕುಯ್ಲಾದ ಗದ್ದೆ ವಿಶಾಲವಾಗಿದೆ ಅಂತ ಆಸೆ ಆಗುತ್ತದೆ, ಆದರೆ ಕೂಳೆಗೆ ಉಜ್ಜಿ ಲೈನಿನ ಲೇಪ ಕಿತ್ತು ಬರುತ್ತದೆ. ಟಾರಸಿ, ಕಾಂಕ್ರೀಟ್ ರಸ್ತೆ ಇನ್ನೂ ಕೆಟ್ಟದು. ಫ್ಲೈ ಬದಲು ಬಣ್ಣದ ಉಲ್ಲನ್ ತುಂಡು ಕಟ್ಟಿಕೊಳ್ಳಿ.

ಮೂವತ್ತು ಅಡಿ ದಾರ ಮುಂದೆ ಚಾಚಿ. ರಾಡ್ ತುದಿ ನೆಲದ ಹತ್ತಿರ. ನಿಧಾನವಾಗಿ ಎತ್ತುತ್ತಾ ಬನ್ನಿ, ವೇಗ ಹೆಚ್ಚಿಸಿ, ಗಡಿಯಾರದ ಒಂದು ಗಂಟೆಯ ಜಾಗದಲ್ಲಿ ಥಟ್ ಅಂತ ನಿಲ್ಲಿಸಿ. ಈಗ ಕಾಯಿರಿ. ಎಲ್ಲರೂ ಕೆಡಿಸುವುದು ಇಲ್ಲೇ. ದಾರ ನಿಮ್ಮ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಂಡು ನೇರ ಆಗುವ ತನಕ ಸುಮ್ನೆ ನಿಲ್ಲಬೇಕು, ಕೈ ತುರಿಸುತ್ತದೆ, ಆದರೂ ನಿಲ್ಲಬೇಕು. ನಂಬಿಕೆ ಬರದಿದ್ದರೆ ತಿರುಗಿ ನೋಡಿ, ಅದರಲ್ಲಿ ನಾಚಿಕೆ ಏನಿಲ್ಲ. ಆಮೇಲೆ ಮುಂದಕ್ಕೆ ತಂದು ಹತ್ತು ಗಂಟೆಯ ಜಾಗದಲ್ಲಿ ಮತ್ತೆ ಥಟ್ ಅಂತ ನಿಲ್ಲಿಸಿ. ದಾರ ಹಾರಿ ಹೋಗುತ್ತದೆ.

ಹಿಂದುಗಡೆ ಚಟ್ ಅಂತ ಚಾಟಿಯ ಸದ್ದು ಬಂದರೆ ನೀವು ಅವಸರ ಮಾಡಿದ್ದೀರಿ ಅಂತ ಅರ್ಥ. ನೀರಿನ ಬಳಿ ಆ ಸದ್ದು ಬಂದರೆ ಫ್ಲೈ ಕಿತ್ತು ಹೋಗಿರುತ್ತದೆ, ಒಮ್ಮೆ ಎಳೆದು ನೋಡಿಕೊಳ್ಳಿ. ಕೊಕ್ಕೆ ಇಲ್ಲದ ದಾರವನ್ನು ಅರ್ಧ ಗಂಟೆ ಬೀಸಿದ ಅನುಭವ ನನಗಿದೆ. ಬಲ ಹಾಕಿದಷ್ಟೂ ದೂರ ಹೋಗುತ್ತದೆ ಅನ್ನುವುದು ಸುಳ್ಳು. ನನ್ನ ತಂಗಿ, ಕ್ರಿಕೆಟ್ ಬ್ಯಾಟೂ ಹಿಡಿದವಳಲ್ಲ, ಮೂರೇ ದಿನದಲ್ಲಿ ನನಗಿಂತ ಚೆನ್ನಾಗಿ ಬೀಸಿದಳು.

ಹಿಂದೆ ಮರ, ಗಿಡ ಇದ್ದರೆ ರೋಲ್ ಕಾಸ್ಟ್ ಅನ್ನುವ ಇನ್ನೊಂದು ವಿಧಾನ ಇದೆ. ಅದರಲ್ಲಿ ದಾರ ಹಿಂದಕ್ಕೆ ಹೋಗುವುದೇ ಇಲ್ಲ, ನೀರಿನ ಮೇಲೆ ಎಳೆದು ತಂದು ಮುಂದಕ್ಕೆ ಉರುಳಿಸುವುದು. ಇದನ್ನು ಮಾತ್ರ ನೀರಿನ ಮೇಲೆಯೇ ಕಲಿಯಬೇಕು. ಹುಲ್ಲಿನಲ್ಲಿ ಬರುವುದಿಲ್ಲ.

ಕೆರೆ ಯಾರದ್ದು?

ಈಗ ಮುಖ್ಯ ವಿಷಯಕ್ಕೆ ಬರೋಣ. ನಮ್ಮ ಕಡೆಯ ಕೆರೆಗಳು ಊರಿನ ಕೆರೆಗಳೇ ಆದರೂ, ಮೀನಿನ ಹಕ್ಕು ಬಹಳ ಕಡೆ ಗುತ್ತಿಗೆಗೆ ಹೋಗಿರುತ್ತದೆ. ಮೀನುಗಾರಿಕೆ ಇಲಾಖೆಯಿಂದಲೋ ಪಂಚಾಯಿತಿಯಿಂದಲೋ ಯಾರೋ ಒಬ್ಬರು, ಇಲ್ಲವೇ ಮೀನುಗಾರರ ಸಹಕಾರ ಸಂಘ, ದುಡ್ಡು ಕಟ್ಟಿ ಹಿಡಿದಿರುತ್ತಾರೆ. ಕಾಟ್ಲಾ, ರೋಹು, ಮೃಗಾಲ್ ಮರಿ ತಂದು ಬಿಟ್ಟಿರುತ್ತಾರೆ. ನೀವು ಕಾರ್ ನಿಲ್ಲಿಸಿ ರಾಡ್ ಬಿಚ್ಚಿದರೆ ಅವರ ಕಣ್ಣಿಗೆ ನೀವು ಕಳ್ಳರು, ಅವರದ್ದು ತಪ್ಪಲ್ಲ.

ನನಗೆ ಆದದ್ದು ಹೀಗೆ. ಚಾಟಿ ಹುಡುಗ ಹೋದ ಹತ್ತು ನಿಮಿಷಕ್ಕೆ ಬೈಕಿನಲ್ಲಿ ಒಬ್ಬರು ಬಂದರು. ಕೆರೆ ಹಿಡಿದಿದ್ದವರು.

"ಯಾರನ್ ಕೇಳಿ ಗಾಳ ಹಾಕ್ತಿದ್ದೀರಿ?"

"ಕೇಳ್ಲಿಲ್ಲ ಅಣ್ಣ, ತಪ್ಪಾಯ್ತು. ನಾನು ಮೀನು ತಗೊಂಡು ಹೋಗಲ್ಲ, ಹಿಡಿದು ವಾಪಸ್ ಬಿಡ್ತೀನಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬುಡೋದಾದ್ರೆ ಹಿಡಿಯೋದ್ ಯಾಕೆ?"

ಈ ಪ್ರಶ್ನೆಗೆ ನನ್ನ ಹತ್ತಿರ ಅವತ್ತೂ ಉತ್ತರ ಇರಲಿಲ್ಲ, ಇವತ್ತೂ ಇಲ್ಲ. ಆದರೆ ರಾಡ್ ಅವರ ಕೈಗೇ ಕೊಟ್ಟೆ. ಎತ್ತು ಹೊಡೆದ ಕೈ, ಎರಡನೇ ಸಲಕ್ಕೇ ದಾರ ನೇರ ಹೋಯಿತು. ಕೊನೆಗೆ ಪಂಪ್ ಮನೆ ಹತ್ತಿರ ಕೂರಿಸಿ ಟೀ ಕೊಟ್ಟರು. "ಜಿಲೇಬಿ ಎಷ್ಟು ಬೇಕಾದ್ರೂ ಹಿಡ್ಕೊಂಡು ಹೋಗಿ, ಅದು ನಮಗೆ ಕಾಟ. ಕಾಟ್ಲಾ ಮುಟ್ಟಬೇಡಿ" ಅಂದರು. ಜಿಲೇಬಿ ಅಂದರೆ ಇಲ್ಲಿ ತಿಂಡಿ ಅಲ್ಲ, ತಿಲಾಪಿಯಾ ಮೀನು. ಈಗ ನೀರು ತಿಳಿಯಾದಾಗ ಅವರೇ ಫೋನ್ ಮಾಡುತ್ತಾರೆ.

ಹಾಗಾಗಿ ಕ್ರಮ ಇಷ್ಟು. ಊರಿಗೆ ಹೋದ ತಕ್ಷಣ ಕೆರೆಗೆ ಹೋಗಬೇಡಿ, ಟೀ ಅಂಗಡಿಗೆ ಹೋಗಿ. "ಕೆರೆ ಮೀನು ಯಾರು ಹಿಡಿದಿದ್ದಾರೆ?" ಅಂತ ಕೇಳಿ. ಹೆಸರು ಹೇಳುತ್ತಾರೆ, ಮನೆಯನ್ನೂ ತೋರಿಸುತ್ತಾರೆ. ಮನೆ ಬಾಗಿಲಿಗೆ ಹೋಗಿ ಮಾತಾಡಿ. ಯಾವ ಮೀನು, ಎಷ್ಟು ಹೊತ್ತು, ತೆಗೆದುಕೊಂಡು ಹೋಗುತ್ತೀರೋ ಬಿಡುತ್ತೀರೋ, ಎಲ್ಲ ಮೊದಲೇ ಹೇಳಿ. ದುಡ್ಡು ಕೇಳಿದರೆ ಕೊಡಿ. ಬೇಡ ಅಂದರೆ ಚೌಕಾಸಿ ಮಾಡಬೇಡಿ, ಪಕ್ಕದ ಊರಿಗೆ ಹೋಗಿ. ಮಂಡ್ಯ ಜಿಲ್ಲೆಯಲ್ಲಿ ಕೆರೆಗೆ ಬರವೇ? ಜಲಾಶಯದ ಹಿನ್ನೀರು, ನದಿಗೆಲ್ಲ ತಾಲ್ಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ವಿಚಾರಿಸಿ. ಅಲ್ಲಿ "ಫ್ಲೈ ಫಿಶಿಂಗ್" ಅಂದರೆ ಮುಖ ಮುಖ ನೋಡುತ್ತಾರೆ, "ಗಾಳ" ಅನ್ನಿ.

ರಾಡ್ ಬಿಚ್ಚಲೇಬಾರದ ಜಾಗಗಳೂ ಇವೆ. ರಂಗನತಿಟ್ಟು ಪಕ್ಷಿಧಾಮ, ಕೆಆರ್‌ಎಸ್ ಅಣೆಕಟ್ಟೆಯ ಆಸುಪಾಸು, ನಾಗರಹೊಳೆಗೆ ತಾಗಿದ ಕಬಿನಿ ಹಿನ್ನೀರು. ಮುತ್ತತ್ತಿ, ಭೀಮೇಶ್ವರಿಯ ಕಡೆ ಹೊಳೆ ನೋಡಿದರೆ ಕೈ ತಡೆಯುವುದಿಲ್ಲ ನಿಜ, ಆದರೆ ಅದು 1987ರಿಂದ ಕಾವೇರಿ ವನ್ಯಜೀವಿ ಧಾಮ. ಭೀಮೇಶ್ವರಿಯಲ್ಲಿ ಮಹಶೀರ್ ಅನ್ನುವ ದೊಡ್ಡ ಹೊಳೆ ಮೀನನ್ನು ಹಿಡಿದು ಬಿಡುವ ಕ್ಯಾಂಪು ಒಂದು ಕಾಲಕ್ಕೆ ಹೆಸರುವಾಸಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಧಾಮದೊಳಗೆ ಗಾಳ ಹಾಕುವುದೂ ಬೇಟೆಯ ಲೆಕ್ಕ ಅಂತಾಗಿ, 2010ರ ಆಸುಪಾಸಿನಲ್ಲಿ ಅದು ನಿಂತಿತು. ಹಳೆಯ ಫೋಟೊ ನೋಡಿ ಈಗಲೂ ಹೋಗುವವರಿದ್ದಾರೆ. ಹೋಗಬೇಡಿ. ಶ್ರೀರಂಗಪಟ್ಟಣದ ಸಂಗಮ, ನಿಮಿಷಾಂಬ, ಪಶ್ಚಿಮವಾಹಿನಿಯಲ್ಲಿ ಕಾನೂನು ಬೇಕಿಲ್ಲ, ಸ್ನಾನ ಮಾಡುವವರ ನಡುವೆ ಕೊಕ್ಕೆ ಬೀಸುವುದು ಯಾರಿಗೂ ಒಳ್ಳೆಯದಲ್ಲ.

ಆ ಬಿಳಿ ಮೀನಿನ ವಿಷಯ

ಮೈಸೂರಿನವರು ಇದನ್ನು ತಿಳಿದಿರಬೇಕು. ಬೇಟೆಯ ಪ್ರಾಣಿಗಳ ಚರ್ಮ ಹದ ಮಾಡಿ ಜೀವಂತ ಇದ್ದ ಹಾಗೆ ತುಂಬಿ ನಿಲ್ಲಿಸುತ್ತಿದ್ದ ಇಲ್ಲಿನ ವ್ಯಾನ್ ಇಂಗನ್ ಮನೆತನದ ಜೆ. ಡಿ ವೆಟ್ ವ್ಯಾನ್ ಇಂಗನ್ 1946ರ ಮಾರ್ಚ್ 22ರಂದು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು. ಅಂದರೆ 54 ಕೆಜಿ, ಅರ್ಧ ಕ್ವಿಂಟಾಲಿಗೂ ಮೇಲೆ. ಅದು ಗೂನು ಬೆನ್ನಿನ, ಕಿತ್ತಳೆ ರೆಕ್ಕೆಯ, ಕಾವೇರಿ ಕಣಿವೆಯಲ್ಲಿ ಮಾತ್ರ ಇರುವ ಜಾತಿ. ಹೊಳೆಬದಿಯವರು ಬಿಳಿ ಮೀನು ಅನ್ನುತ್ತಿದ್ದರು. ಇಷ್ಟು ಪ್ರಸಿದ್ಧ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ, ಟಾರ್ ರೆಮದೇವಿ ಅಂತ. ಅಷ್ಟು ಹೊತ್ತಿಗೆ ಅದು ಅಳಿವಿನ ಅಂಚಿಗೆ ಬಂದಾಗಿತ್ತು. ಅಣೆಕಟ್ಟೆ, ಮರಳು ತೆಗೆಯುವುದು, ಸಿಡಿಮದ್ದು ಎಲ್ಲ ಸೇರಿದವು. ಅದರ ಮೇಲೆ ಮಹಾರಾಷ್ಟ್ರದ ಲೋನಾವಲದ ಮರಿ ಕೇಂದ್ರದಿಂದ ಒಳ್ಳೆಯದಾಗಲಿ ಅಂತಲೇ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಇಡೀ ಹೊಳೆ ತುಂಬಿಕೊಂಡಿತು. ಎಲ್ಲಾದರೂ ಅಪ್ಪಿತಪ್ಪಿ ಗೂನು ಬೆನ್ನಿನದು ಸಿಕ್ಕಿದರೆ ನೀರಿನಿಂದ ಎತ್ತಲೂ ಬೇಡಿ, ಕೊಕ್ಕೆ ಬಿಡಿಸಿ ಕಳಿಸಿ.

ಮಹಶೀರ್ ಕಣ್ತುಂಬ ನೋಡುವ ಆಸೆ ಇದ್ದರೆ ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೆ ಹೋಗಿ. ಅಲ್ಲಿ ಕಾವೇರಿಯಲ್ಲಿ ದೇವರ ಮೀನು, ಯಾರೂ ಹಿಡಿಯುವುದಿಲ್ಲ. ಮೆಟ್ಟಿಲ ಮೇಲೆ ಕನ್ನಡಕ ಹಾಕಿಕೊಂಡು ಅರ್ಧ ಗಂಟೆ ನಿಂತರೆ, ಮೀನು ಹರಿವಿಗೆ ಹೇಗೆ ಮುಖ ಕೊಟ್ಟು ನಿಲ್ಲುತ್ತದೆ, ನೆರಳು ಬಿದ್ದರೆ ಹೇಗೆ ಸರಿಯುತ್ತದೆ ಅನ್ನುವುದೆಲ್ಲ ಕಾಣುತ್ತದೆ. ಫ್ಲೈ ಫಿಶಿಂಗಿಗೆ ಅದಕ್ಕಿಂತ ಒಳ್ಳೆಯ ಪಾಠ ಇಲ್ಲ. ರಾಡ್ ಕಾರಿನಲ್ಲೇ ಇರಲಿ.

ಮೊದಲ ಮೇಷ್ಟ್ರು: ಜಿಲೇಬಿ

ತಿಲಾಪಿಯಾಗೆ ನಮ್ಮ ಕಡೆ ಜಿಲೇಬಿ ಅನ್ನುತ್ತಾರೆ. ಆಫ್ರಿಕಾದಿಂದ ಬಂದದ್ದು, ಈಗ ಎಲ್ಲ ಕೆರೆಯಲ್ಲೂ ತುಂಬಿದೆ, ಯಾರಿಗೂ ಬೇಡ. ಕಲಿಯುವವರಿಗೆ ಹೇಳಿ ಮಾಡಿಸಿದ ಮೀನು. ತಿಳಿ ನೀರಿನ ಅಂಚಿನಲ್ಲಿ ಬಾಂಡಲಿ ಮಗುಚಿ ಒತ್ತಿದ ಹಾಗೆ ದುಂಡಗೆ ಗುಂಡಿಗಳು ಕಂಡರೆ ಅದು ಜಿಲೇಬಿ ಗೂಡು. 12 ಅಥವಾ 14ನೇ ಸೈಜಿನ, ತಲೆಗೆ ಮಣಿ ಇರುವ, ಹಸಿರೋ ಕಂದೋ ಬಣ್ಣದ ಸಣ್ಣ ನಿಂಫ್ ಅನ್ನು, ಅಂದರೆ ನೀರೊಳಗಿನ ಹುಳದ ಹಾಗೆ ಕಟ್ಟಿದ ಫ್ಲೈಯನ್ನು, ಅದರ ಪಕ್ಕಕ್ಕೆ ಬೀಳಿಸಿ. ಮುಳುಗಲು ಬಿಡಿ. ಎಡಗೈಯಲ್ಲಿ ಒಂದೊಂದು ಇಂಚು ಎಳೆಯಿರಿ. ಕಚ್ಚಿದ್ದು ಕೈಗೆ ಗೊತ್ತಾಗುವುದಿಲ್ಲ, ಲೈನಿನ ತುದಿ ಚೂರು ಸರಿಯುತ್ತದೆ, ಆಗ ಎತ್ತಿ.

ಕೊರವ ಮೀನು ಬೇರೆ ಕಥೆ. ಕಳೆ, ತಾವರೆ ಎಲೆ ಇರುವ ಕಡೆ ಕಪ್ಪೆಯ ಹಾಗೆ ಮೇಲೆ ತೇಲುವ ಪಾಪರ್ ಬೇಕು, ದಪ್ಪ ದಾರ ಬೇಕು, ಹಲ್ಲಿದೆ. ಎಸೆದು, ಅಲೆ ನಿಲ್ಲುವ ತನಕ ಕಾದು, ಒಂದು ಸಲ ಪುಸಕ್ ಅನ್ನಿಸಿ. ಬಂದರೆ ನೀರು ಸಿಡಿಯುತ್ತದೆ. ಕೆಂಪಗೆ ಗುಂಪಾಗಿ ಮರಿ ಓಡಾಡುತ್ತಿದ್ದರೆ ಅದರ ಕೆಳಗೆ ಅಪ್ಪನೋ ಅಮ್ಮನೋ ಕಾವಲಿರುತ್ತದೆ. ಆಗ ಎಸೆದರೆ ಖಂಡಿತ ಕಚ್ಚುತ್ತದೆ, ಅದಕ್ಕೇ ಎಸೆಯಬಾರದು.

ನಿಲ್ಲುವ ಜಾಗ: ತೂಬಿನ ಬಾಯಿ, ಕೋಡಿ ಕೆಳಗಿನ ಗುಂಡಿ, ಕಳೆ ಮುಗಿದು ತಿಳಿ ನೀರು ಶುರುವಾಗುವ ಗೆರೆ. ಹೊತ್ತು: ಬೆಳಕು ಹರಿದಾಗಿನಿಂದ ಒಂಬತ್ತರವರೆಗೆ. ಕಾಲ: ದೀಪಾವಳಿಯಿಂದ ಮೊದಲ ಮಳೆಯ ತನಕ. ಆಷಾಢದಲ್ಲಿ ದಯವಿಟ್ಟು ಪ್ರಯತ್ನ ಮಾಡಬೇಡಿ. ಆ ಗಾಳಿಗೆ ದಾರ ನಿಮ್ಮ ಕುತ್ತಿಗೆಗೇ ಸುತ್ತಿಕೊಳ್ಳುತ್ತದೆ, ಮೀನು ಮೊಟ್ಟೆ ಇಡುವ ಕಾಲವೂ ಅದೇ.

ಜೀವದ ವಿಷಯ ನಾಲ್ಕು ಮಾತು

ರಾಡ್ ಕಾರ್ಬನ್ನಿನದು, ಕರೆಂಟ್ ಹರಿಯುತ್ತದೆ. ನಮ್ಮ ಗದ್ದೆ ಬಯಲಿನಲ್ಲಿ ಪಂಪ್‌ಸೆಟ್ಟಿನ ತಂತಿಗಳು ಎಷ್ಟು ಕೆಳಗೆ ಜೋತು ಬಿದ್ದಿರುತ್ತವೆ ಅಂತ ನಿಮಗೇ ಗೊತ್ತು. ಬೀಸುವ ಮುಂಚೆ ತಲೆ ಎತ್ತಿ ನೋಡುವುದು ಅಭ್ಯಾಸ ಆಗಲಿ. ಜೋಡಿಸಿದ ರಾಡ್ ಹೆಗಲ ಮೇಲೆ ಹೊತ್ತು ನಡೆಯುವಾಗಲೂ ಅಷ್ಟೇ. ಗುಡುಗಿದರೆ ರಾಡ್ ನೆಲಕ್ಕಿಟ್ಟು ದೂರ ಹೋಗಿ.

ಕಾವೇರಿಯಲ್ಲಿ ಅಣೆಕಟ್ಟೆಯಿಂದ ನೀರು ಬಿಟ್ಟರೆ ನೋಡನೋಡುತ್ತಲೇ ಏರುತ್ತದೆ. ಬಲಮುರಿ, ಎಡಮುರಿಯಲ್ಲಿ ಮೊಣಕಾಲುದ್ದ ನೀರು ಅಂತ ಇಳಿದವರ ಸುದ್ದಿ ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ. ಪಾಚಿ ಕಟ್ಟಿದ ಬಂಡೆ, ಪಕ್ಕದಲ್ಲೇ ಮಡು. ಶ್ರೀರಂಗಪಟ್ಟಣದ ಸುತ್ತ ಮೊಸಳೆಯೂ ಇದೆ. ನಾನು ನಮ್ಮ ಕಡೆಯ ಹೊಳೆಯಲ್ಲಿ ನೀರಿಗೆ ಇಳಿಯುವುದೇ ಇಲ್ಲ, ದಡದಿಂದ ಎಷ್ಟು ದೂರ ಹೋಗುತ್ತದೋ ಅಷ್ಟೇ. ಬೀಸುವ ಕೈಯ ಕಡೆಯಿಂದ ಗಾಳಿ ಬರುತ್ತಿದ್ದರೆ ಜಾಗ ಬದಲಿಸಿ, ಅದು ಕೊಕ್ಕೆಯನ್ನು ಮುಖಕ್ಕೇ ತರುತ್ತದೆ. ಮಕ್ಕಳನ್ನು ಹಿಂದೆ ನಿಲ್ಲಿಸಬೇಡಿ.

ಈಗ ದೂರದ ನೀರು

ಕೆರೆಯಲ್ಲಿ ಒಂದು ಸೀಸನ್ ಕಳೆದ ಮೇಲೆ ಹೊರಡಿ. ಮುಂಚೆ ಹೋದರೆ ದುಡ್ಡು ದಂಡ, ಗೈಡ್ ನಿಮ್ಮ ದಾರದ ಗಂಟು ಬಿಡಿಸುವುದರಲ್ಲೇ ದಿನ ಮುಗಿಯುತ್ತದೆ.

ಹತ್ತಿರದ್ದು ಕೊಡಗು. ಕುಶಾಲನಗರದ ಬಳಿ ವಾಲ್ನೂರಿನಲ್ಲಿ ಕಾವೇರಿಯ ಒಂದು ಭಾಗವನ್ನು ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ನೋಡಿಕೊಂಡು, ಹಿಡಿದು ಬಿಡುವವರಿಗೆ ಲೈಸೆನ್ಸ್ ಕೊಡುತ್ತಾ ಬಂದಿದೆ. ಹೋಗುವ ಮುಂಚೆ ಮಡಿಕೇರಿಗೆ ಫೋನ್ ಮಾಡಿ ಆ ವರ್ಷದ ನಿಯಮ ಕೇಳಿ. ಇಲ್ಲಿ 5ನೇ ನಂಬರ್ ಸಾಲದು, 8 ಬೇಕು. ಮಹಶೀರ್ ಮೊದಲ ಓಟದಲ್ಲೇ ಬಂಡೆಗಳ ನಡುವೆ ನುಗ್ಗುತ್ತದೆ, ಆಗ ಮಾತ್ರ ಒಳ್ಳೆಯ ರೀಲಿಗೆ ಅರ್ಥ ಬರುತ್ತದೆ.

ಊಟಿ ಕಡೆ ಟ್ರೌಟ್ ಅನ್ನುವ ತಣ್ಣೀರಿನ ಮೀನು ಇದೆ. ಬ್ರಿಟಿಷರು ತಂದದ್ದು. ಅವಲಾಂಚಿಯಲ್ಲಿ 1907ರಲ್ಲೇ ಮರಿ ಕೇಂದ್ರ ಶುರುವಾಗಿತ್ತು. ಅಲ್ಲಿ ಈಗ ಅರಣ್ಯ ಇಲಾಖೆಯ ಕಟ್ಟುಪಾಡು ಜಾಸ್ತಿ, ಊಟಿಯ ಮೀನುಗಾರಿಕೆ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ. ನೀಲಗಿರಿಗೆ 2024ರಿಂದ ಇ-ಪಾಸ್ ಬೇಕು. ಬಂಡೀಪುರದ ರಸ್ತೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರ ತನಕ ಮುಚ್ಚಿರುತ್ತದೆ, ಹಾಗಾಗಿ ಬೆಳಗಿನ ಮೀನಿಗೆ ಮೈಸೂರಿನಿಂದ ಹೊರಟು ತಲುಪುವ ಲೆಕ್ಕ ಹಾಕಬೇಡಿ, ಹಿಂದಿನ ದಿನವೇ ಹೋಗಿ ಉಳಿಯಿರಿ.

ಆದರೆ ಒಂದೇ ಒಂದು ದೊಡ್ಡ ಟ್ರಿಪ್ ಮಾಡುವುದಾದರೆ ನಾನು ಹೇಳುವುದು ಹಿಮಾಚಲದ ತೀರ್ಥನ್ ಕಣಿವೆ. ಮೈಸೂರಿನಿಂದ ನಿಜಾಮುದ್ದೀನ್‌ಗೆ ಹೋಗುವ ಸ್ವರ್ಣ ಜಯಂತಿ ರೈಲು ಹಿಡಿದರೆ ದೆಹಲಿ, ಅಲ್ಲಿಂದ ರಾತ್ರಿಯ ಮನಾಲಿ ಬಸ್ಸಿನಲ್ಲಿ ಔಟ್ ಅನ್ನುವ ಊರಿನ ಬಳಿ ಇಳಿದು, ಬಂಜಾರ್, ಗುಶೈಣಿ ಕಡೆಗೆ ಸ್ಥಳೀಯ ಬಸ್ಸು. ವಿಮಾನದಲ್ಲಿ ಹೋದರೆ ಕೊಕ್ಕೆ, ಇಕ್ಕಳ, ಕತ್ತರಿ ಎಲ್ಲ ಚೆಕ್-ಇನ್ ಲಗೇಜಿಗೆ ಹಾಕಿ. ಹಿಮಾಚಲದಲ್ಲಿ ನವೆಂಬರ್ 1ರಿಂದ ಫೆಬ್ರವರಿ ಕೊನೆಯ ತನಕ ಟ್ರೌಟ್ ಹಿಡಿಯುವಂತಿಲ್ಲ. ಮೇ, ಜೂನಿನಲ್ಲಿ ಮಧ್ಯಾಹ್ನ ಹಿಮ ಕರಗಿ ನೀರು ಕದಡುತ್ತದೆ, ಆಮೇಲೆ ಮಳೆ. ಉಳಿದದ್ದು ಮಾರ್ಚ್, ಏಪ್ರಿಲ್, ಮತ್ತೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್. ದಸರಾ ರಜೆಗೆ ಸರಿಯಾಗಿ ಹೊಂದುತ್ತದೆ. ಮೈಸೂರಿನಲ್ಲಿ ಜಂಬೂ ಸವಾರಿ ಬಿಟ್ಟು ಎಲ್ಲಿಗೆ ಹೋಗಿದ್ದೆ ಅಂತ ಅಜ್ಜಿ ಇನ್ನೂ ಕೇಳುತ್ತಾರೆ.

ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ದಿನದ ಲೆಕ್ಕದಲ್ಲಿ ಸಿಗುತ್ತದೆ, ಉಳಿದುಕೊಳ್ಳುವ ಮನೆಯವರೇ ದಾರಿ ತೋರಿಸುತ್ತಾರೆ. ಮೊದಲ ದಿನ ಸ್ಥಳೀಯ ಗೈಡ್ ಒಬ್ಬರನ್ನು ಕರೆದುಕೊಳ್ಳಿ. ಕೆರೆಯಲ್ಲಿ ಕಲಿತದ್ದು ಅಲ್ಲಿ ಅರ್ಧ ಮಾತ್ರ ನಡೆಯುತ್ತದೆ, ಯಾಕೆಂದರೆ ನೀರು ಓಡುತ್ತಿರುತ್ತದೆ. ದೊಡ್ಡ ಬಂಡೆಯ ಹಿಂದೆ ಹರಿವು ನಿಧಾನವಾಗಿರುವ ಜಾಗ, ಬಂಡೆಯ ಮುಂದಿನ ಮೆತ್ತನೆಯ ನೀರು, ವೇಗದ ನೀರಿಗೂ ನಿಧಾನದ ನೀರಿಗೂ ನಡುವಿನ ಗೆರೆ, ಇಲ್ಲೆಲ್ಲ ಟ್ರೌಟ್ ಹರಿವಿಗೆ ಮುಖ ಕೊಟ್ಟು ನಿಂತು, ತೇಲಿ ಬರುವ ಹುಳ ಕಾಯುತ್ತಿರುತ್ತದೆ. ನೀವು ಅದರ ಹಿಂದಿನಿಂದ, ಅಂದರೆ ಹೊಳೆಯ ಕೆಳಗಿನಿಂದ ಹೋಗಬೇಕು. ಬಾಗಿ ನಡೆಯಿರಿ. ಹೊಳೆಯ ಮೇಲ್ಗಡೆಗೆ ಎಸೆದು, ಫ್ಲೈ ನೀರಿನ ವೇಗದಲ್ಲೇ ತೇಲಿ ಬರಲು ಬಿಡಿ. ನಡುವಿನ ವೇಗದ ಹರಿವು ಲೈನನ್ನು ಎಳೆದರೆ ಫ್ಲೈ ದೋಣಿಯ ಹಾಗೆ ಗೆರೆ ಎಳೆದುಕೊಂಡು ಓಡುತ್ತದೆ, ಮೀನು ನಗುತ್ತದೆ. ಬಿದ್ದ ತಕ್ಷಣ ರಾಡ್ ತುದಿಯಿಂದ ಲೈನಿನ ನಡುಭಾಗವನ್ನು ಹೊಳೆಯ ಮೇಲ್ಗಡೆಗೆ ಎತ್ತಿ ಹಾಕಿ, ಸರಿ ಹೋಗುತ್ತದೆ. ದೂರ ಎಸೆಯಬೇಕಿಲ್ಲ, ನನಗೆ ಸಿಕ್ಕಿದ ಟ್ರೌಟ್‌ಗಳೆಲ್ಲ ಇಪ್ಪತ್ತು ಅಡಿಯೊಳಗೆ ಸಿಕ್ಕಿದ್ದು.

ಮನೆಯವರ ಜೊತೆ ಹೋದರೆ ಬೆಳಗಿನ ಎರಡು ಗಂಟೆ ಮಾತ್ರ ನಿಮ್ಮದು, ತಿಂಡಿಗೆ ವಾಪಸ್. ಈ ಒಪ್ಪಂದ ರೈಲು ಹತ್ತುವ ಮುಂಚೆಯೇ ಮಾಡಿಕೊಳ್ಳಿ.

ಹಿಡಿದ ಮೇಲೆ

ಬೇಗ ದಡಕ್ಕೆ ತನ್ನಿ, ಆಡಿಸಬೇಡಿ. ಕೈ ಒದ್ದೆ ಮಾಡಿಕೊಂಡೇ ಮುಟ್ಟಿ, ಒಣ ಕೈಗೆ ಅದರ ಮೈಯ ಲೋಳೆ ಕಿತ್ತು ಬರುತ್ತದೆ. ಕಿವಿರಿನೊಳಗೆ ಬೆರಳು ಹಾಕಬೇಡಿ. ಫೋಟೊ ಬೇಕಾದರೆ ಫೋನ್ ಮೊದಲೇ ರೆಡಿ ಇರಲಿ. ಮೀನನ್ನು ಎತ್ತುವಾಗ ನೀವೂ ಉಸಿರು ಬಿಗಿ ಹಿಡಿಯಿರಿ, ನಿಮಗೆ ಕಷ್ಟ ಆಗುವ ಮುಂಚೆ ಅದನ್ನು ನೀರಿಗಿಳಿಸಿ. ಹರಿವಿಗೆ ಮುಖ ಮಾಡಿ ಹಿಡಿದುಕೊಂಡರೆ ತಾನೇ ಬಾಲ ಬಡಿದು ಹೋಗುತ್ತದೆ. ಜಿಲೇಬಿಯನ್ನು ಮಾತ್ರ ಬಕೆಟ್ಟಿನಲ್ಲಿ ತಂದು ಇನ್ನೊಂದು ಕೆರೆಗೆ ಬಿಡಬೇಡಿ. ಸಾರು ಮಾಡಿ, ರುಚಿಯಾಗಿರುತ್ತದೆ.

ಊರಿಗೆ ಬಂದ ಮೇಲೆ ಒಂದು ಸಂಜೆ ಕೆಲಸ ಇದೆ. ಲೈನನ್ನು ಉಗುರು ಬೆಚ್ಚಗಿನ ಸೋಪಿನ ನೀರಿನಲ್ಲಿ ಎಳೆದು ಬಟ್ಟೆಯಲ್ಲಿ ಒರೆಸಿ, ನಮ್ಮ ಕೆರೆಯ ಪಾಚಿ ಹತ್ತಿದರೆ ತೇಲುವ ಲೈನೂ ಮುಳುಗುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ವಾರಗಟ್ಟಲೆ ಬಿಡಬೇಡಿ, ಲೇಪ ಒಡೆಯುತ್ತದೆ. ಶೂ ಪೂರ್ತಿ ಒಣಗಿಸಿ, ಒಂದು ನೀರಿನ ಕೊಳೆ ಇನ್ನೊಂದಕ್ಕೆ ಹೋಗಬಾರದು. ಫ್ಲೈ ಡಬ್ಬಿಯ ಮುಚ್ಚಳ ತೆಗೆದು ರಾತ್ರಿಯಿಡೀ ಗಾಳಿಗೆ ಇಡಿ, ಇಲ್ಲದಿದ್ದರೆ ಕೊಕ್ಕೆಗಳು ತುಕ್ಕು ಹಿಡಿಯುತ್ತವೆ. ಮನೆಯಲ್ಲಿ ಬೆಕ್ಕಿದ್ದರೆ ಬೀರು ಮೇಲಿಡಿ. ನಾನು ಒಂದು ಸಲ ಕಿಟಕಿಯಲ್ಲಿಟ್ಟು ಮಲಗಿ, ಬೆಳಿಗ್ಗೆ ಎದ್ದವನೇ ಕೋಳಿ ಪುಕ್ಕದ ರುಚಿ ನೋಡಿದ ಬೆಕ್ಕನ್ನು ಎತ್ತಿಕೊಂಡು ಪಶು ಆಸ್ಪತ್ರೆಗೆ ಓಡಿದ್ದೇನೆ. ಮುಳ್ಳು ಅಮುಕಿದ್ದ ಕೊಕ್ಕೆ, ಎರಡೇ ನಿಮಿಷದಲ್ಲಿ ಬಂತು.